ಮಾವನ ನೌಕರಿ ತಪಾಸಣೆ

ನನ್ನ ಸೋದರಮಾವನ ಜೊತೆ ಒಂದು ಕಪ್ ಚಹಾ ಕುಡಿದವರು ಮರುದಿನವೇ ರಾಜೀನಾಮೆ ಬರೆಯುತ್ತಾರೆಂದು ನಮ್ಮ ನೆಂಟರಿಷ್ಟರಲ್ಲಿ ಒಂದು ಭಯವಿದೆ. ಹಾಗೆಂದು ಸ್ವತಃ ಅವರೇನು ಹತ್ತೂರು ಸುತ್ತಿದವರೆ? ರೈಲ್ವೆಯ ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತು ನಿವೃತ್ತರಾದವರು! ಹೈದರಾಬಾದಿನ ಮಲ್ಕಾಜ್‌ಗಿರಿಯ ಮನೆಯಲ್ಲಿ ಈಗ ಅವರಿಗೊಂದೇ ಕೆಲಸ: ಮನಸ್ಸಿಗೊಪ್ಪುವ ನೌಕರಿ ಹುಡುಕುವುದು ಹೇಗೆಂದು ಕೇಳಿದವರಿಗೆಲ್ಲ ಹೇಳುವುದು. ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ.

ನಾನು ಕೇಳಿಯೇ ಸಿಕ್ಕಿಬಿದ್ದವನು. ಆಗ ಆಂಧ್ರ ಇನ್ನೂ ಎರಡು ರಾಜ್ಯವಾಗಿರಲಿಲ್ಲ. ನಾನು ಅದೇ ಊರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಗುಮಾಸ್ತ. ಎಡಗಡೆಯ ಕಡತವನ್ನು ಬಲಗಡೆಗೆ ಸರಿಸುವುದು ನನ್ನ ಮಹತ್ಕಾರ್ಯ.

"ಮಾಮಾ, ಭಾಳ ಬ್ಯಾಸರ ಆಗೇತ್ರಿ. ಬ್ಯಾರೆ ನೌಕರಿ ನೋಡಬೇಕು" ಎಂದೆ.

"ಯಾವ ಕೆಲಸ ಮಾಡೋವಾಗ ನಿನಗ ಊಟದ ನೆನಪು ಆಗೂದಿಲ್ಲ? ಮೊದಲ ಅದನ್ನ ಹೇಳು."

ಎಷ್ಟು ಯೋಚಿಸಿದರೂ ನಿದ್ದೆಯೊಂದೇ ಹೊಳೆಯಿತು. ಅದರಲ್ಲೂ ಕನಸಿನಲ್ಲಿ ಮಿರ್ಚಿಭಜಿ ಬರುತ್ತಿತ್ತು!

ಊರಂಚಿನ ಕೊಂಡಾಪುರದ ಒಂದು ಕಂಪನಿಯಲ್ಲಿ ಕೆಲಸ ಖಾಲಿಯಿದೆ ಎಂದು ಕೇಳಿ ಆಸೆ ಹುಟ್ಟಿತು. "ಅರ್ಜಿ ಆಮ್ಯಾಲೆ. ಅಲ್ಲಿ ಮಂದಿ ಉಣ್ಣೋವಾಗ ಅವರ ಮಾರಿ ನೋಡೂಣು ಬಾ. ನೌಕರಿ ಹೆಂಗೈತಿ ಅಂತ ತಿಳೀತೈತಿ" ಎಂದು ಮಾವ ರೊಟ್ಟಿ, ಎಣ್ಣೆಗಾಯಿಯ ಡಬ್ಬಿ ಹಿಡಿದು ಹೊರಟರು. ಗೇಟಿನೆದುರು ನಿಂತು ಹೋಗಿಬರುವವರ ಮುಖಗಳನ್ನು ದಿಟ್ಟಿಸತೊಡಗಿದೆವು. ಕಾವಲುಗಾರ ಬಂದು ಗದರಿಸಿದ. ಮಾವ ಜಗ್ಗಲಿಲ್ಲ, ಮದುವೆಗೆ ಹುಡುಗನನ್ನು ನೋಡಲು ಬಂದಿದ್ದೇವೆ ಎಂದು ಹಿಂದಿಯಲ್ಲಿ ಹೇಳಿಬಿಟ್ಟರು. ತಕ್ಷಣ ಎರಡು ಕುರ್ಚಿ ಬಂದವು! ಸುದ್ದಿ ಒಳಗೂ ಹೋಗಿರಬೇಕು, ಒಬ್ಬ ತರುಣ ತಲೆ ಬಾಚಿಕೊಂಡು ಬಂದು ಕೂತ. ಮಾವ ಡಬ್ಬಿ ಬಿಚ್ಚಿ ಅವನ ಮುಂದಿಟ್ಟರು. ಮೊದಲು ಕೆಲಸ ಬಹಳ ಚೆನ್ನಾಗಿದೆ ಎಂದ. ಎರಡನೆಯ ರೊಟ್ಟಿಗೆ ಕಣ್ಣು ತುಂಬಿತು. ಸೋಮವಾರದ ಕೆಲಸ ನೆನೆದು ಭಾನುವಾರ ಸಂಜೆಯೇ ಹೊಟ್ಟೆನೋವು ಶುರುವಾಗುತ್ತದೆ ಎಂದ. ಆಮೇಲೆ, ಹುಡುಗಿ ಏನು ಓದಿದ್ದಾಳೆ ಎಂದು ಕೇಳಿದ. ಅಷ್ಟರಲ್ಲಿ ನಾವು ಆಟೋ ಹತ್ತಿದ್ದೆವು.

"ನನಗ ಯಾವಾಗಲೂ ಊಟದ್ದs ನೆನಪು. ಹಂಗಾರ ನಾ ಖಾನಾವಳಿ ಹಾಕ್ತೀನ್ರಿ ಮಾಮಾ."

"ಹಾಕು. ಆದ್ರ ನೌಕರಿ ಬಿಟ್ಟು ನೋಡಬ್ಯಾಡ, ರಜಾ ಹಾಕಿ ನೋಡು" ಎಂದು ಪರಿಚಯದವರ ಖಾನಾವಳಿಗೆ ನನ್ನನ್ನು ಒಪ್ಪಿಸಿದರು. ನನ್ನ ಮೊದಲ ರೊಟ್ಟಿಯನ್ನು ಗಿರಾಕಿಯೊಬ್ಬರು ಎರಡೂ ಮಗ್ಗುಲು ತಿರುವಿ ನೋಡಿ, "ಇದನ್ನ ಹಂಚಿಗೆ ಹಾಕೂದ ಮರತೀರೇನ್ರಿ, ಇಲ್ಲಾ ತಗಿಯೂದ ಮರತೀರೇನ್ರಿ?" ಎಂದರು. ಮಾಲೀಕರು ನನ್ನನ್ನು ಹಿತ್ತಲಿಗೆ ಗಡೀಪಾರು ಮಾಡಿದರು. ಅಲ್ಲಿ ರುಬ್ಬುವ ಗ್ರೈಂಡರ್ ಕೆಟ್ಟು ಕೂತಿತ್ತು. ಸುಮ್ಮನಿರಲಾರದೆ ಬಿಚ್ಚಿದೆ. ಅದು ಮತ್ತೆ ಗರಗರ ತಿರುಗುವ ಹೊತ್ತಿಗೆ ಎಲ್ಲರ ಊಟ ಮುಗಿದು ಪಾತ್ರೆ ತೊಳೆದೂ ಆಗಿತ್ತು.

ಸಂಜೆ ಬಂದ ಮಾವ ಕೇಳಿದರು: "ಉಂಡಿ ಏನು?"

"ಅಯ್ಯ, ಮರತs ಬಿಟ್ಟೆ!"

"ಸಿಕ್ತಲ್ಲೋ!" ಎಂದು ಕುಣಿದೇಬಿಟ್ಟರು. "ನಿಮ್ಮ ಕಾರ್ಖಾನ್ಯಾಗ ರಿಪೇರಿ ವಿಭಾಗ ಐತಲ್ಲ? ಬ್ಯಾರೆ ಕಡೆ ಹುಡುಕೂಕಿಂತ ಮೊದಲ ಅಲ್ಲೇ ಕೇಳು."

ಕೇಳಿದೆ. ಶಿಕ್ಷೆಗೆಂದು ಕಳಿಸುವ ಜಾಗಕ್ಕೆ ಇವನು ತಾನಾಗಿ ಹೋಗುತ್ತೇನೆನ್ನುತ್ತಾನಲ್ಲ ಎಂದು ಸಾಹೇಬರು ನನ್ನ ಆರೋಗ್ಯ ವಿಚಾರಿಸಿದರು! ಕಡೆಗೆ ವರ್ಗವಾಯಿತು. ಅಂಗಿಗೆಲ್ಲ ಗ್ರೀಸು, ಮನಸ್ಸಿಗೆ ಮಾತ್ರ ಹಬ್ಬ.

ಪೇಢೆ ಕೊಡಲು ಹೋದಾಗ ಕೇಳಿಯೇಬಿಟ್ಟೆ: "ಎಲ್ಲಾರಿಗೂ ಹೇಳ್ತೀರಿ. ನೀವ್ಯಾಕ ನೌಕರಿ ಬದಲ ಮಾಡಲಿಲ್ರಿ ಮಾಮಾ?"

ಮಾವ ಅರ್ಧ ತಿಂದ ಪೇಢೆಯನ್ನು ತಟ್ಟೆಗಿಟ್ಟರು.

"ನಿಮ್ಮಜ್ಜ ತೀರಿಕೊಂಡಾಗ ನಿಮ್ಮವ್ವ ಇನ್ನೂ ಸಾಲ್ಯಾಗಿದ್ಲು. ಓದು ಬಿಡಸ್ತಾರಂತ ಅಳಾಕತ್ತಿದ್ಲು. ಆಕಿ ಓದು ನಡೀಲಿ ಅಂತ ಸಿಕ್ಕ ನೌಕರಿ ಹಿಡದೆ, ಬಿಡಾಕ ಆಗಲಿಲ್ಲ. ಮುಂದ ಆಕಿ ಮಾಸ್ತರಣಿ ಆದ್ಲು. ಮೊದಲನೇ ದಿನ ಸಾಲಿಗೆ ಬಿಡಾಕ ನಾನs ಹೋಗಿದ್ದೆ. ಆಕಿ ಮಾರಿ ಮ್ಯಾಲಿನ ಖುಷಿ ನೋಡಬೇಕಿತ್ತು ನೀ! ಕೆಲಸ ಅಂದ್ರ ಹಿಂಗೂ ಇರತೈತಿ ಅಂತ ನನಗ ಅವತ್ತ ಗೊತ್ತಾತು."

ಅವ್ವ ದಿನಾ ಬೆಳಿಗ್ಗೆ ಸಣ್ಣಗೆ ಹಾಡಿಕೊಳ್ಳುತ್ತ ಶಾಲೆಗೆ ಹೊರಡುತ್ತಿದ್ದಳು. ಚಿಕ್ಕವನಿದ್ದಾಗ ನಾನು, ಲೋಕದಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವುದೇ ಹಾಗೆ ಎಂದು ತಿಳಿದಿದ್ದೆ.