ಇರುವುದನ್ನಷ್ಟೇ ಹೇಳುವ ಅತ್ತಿಗೆ

ನನ್ನ ಅತ್ತಿಗೆಗೆ ಹುಚ್ಚಿಲ್ಲ ಎಂದು ರಿಪ್ಪನ್‌ಪೇಟೆಯಲ್ಲಿ ಖಚಿತವಾಗಿ ಹೇಳಬಲ್ಲವರು ಇಬ್ಬರೇ: ನಮ್ಮಣ್ಣ ಮತ್ತು ಸ್ವತಃ ಅತ್ತಿಗೆ. ಅಣ್ಣ ಸ್ವಲ್ಪ ಯೋಚಿಸಿ ಹೇಳುತ್ತಾನೆ!

ನಮ್ಮ ಮನೆಯ ಮಹಡಿಯಲ್ಲಿ ಕೂತು ಅತ್ತಿಗೆ ಮಾಡುವ ಕೆಲಸವೇ ವಿಚಿತ್ರ. ಕಂಪ್ಯೂಟರಿನ ಚಿಪ್ಪಿನೊಳಗೆ ಒಂದು ಪುಟ್ಟ ಮೀಟರು ಇರುತ್ತದಂತೆ. (ಅಮ್ಮ ಬಹಳ ಕಾಲ ತೆಂಗಿನ ಚಿಪ್ಪು ಎಂದುಕೊಂಡಿದ್ದಳು.) ಚಿಪ್ಪು ಎಷ್ಟು ದುಡಿಯಿತು, ಎಲ್ಲಿ ಎಡವಿತು ಎಂದು ಆ ಮೀಟರು ಎಣಿಸುತ್ತದೆ. ಆದರೆ ಅಂಥದ್ದೊಂದು ಇದೆಯೆಂದೇ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ! ಅದರ ಹೆಸರೇನು, ವಿಳಾಸ ಯಾವುದು, ಎಣಿಕೆ ತುಂಬಿದಾಗ ಯಾವ ಗಂಟೆ ಬಾರಿಸುತ್ತದೆ ಎಂದು ‘ಡಿವೈಸ್ ಟ್ರೀ’ ಎಂಬ ವರ್ಣನೆಯಲ್ಲಿ ಹೇಳಬೇಕು. ಆ ವರ್ಣನೆ ಹೇಗಿರಬೇಕೆಂಬ ನಿಯಮ ಬರೆಯುವವರು ನಮ್ಮ ಅತ್ತಿಗೆ.

“ಇರೋದನ್ನಷ್ಟೇ ಬರೀಬೇಕು ಮಾರಾಯ. ಅದನ್ನಿಟ್ಕಂಡು ಎಂತ ಮಾಡ್ಬೇಕು ಅನ್ನೋದು ನಮ್ಮ ಕೆಲ್ಸ ಅಲ್ಲ,” ಎನ್ನುತ್ತಾರೆ.

ಒಮ್ಮೆ ಅವರು ಬರೆದು ಕಳಿಸಿದ್ದು ತಪ್ಪಿದೆಯೆಂದು ವಾಪಸ್ ಬಂತು. ಮೀಟರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಇರಬೇಕಾದ ಅಡ್ಡಗೆರೆ ಸ್ವಲ್ಪ ಕೆಳಗಿತ್ತಂತೆ! ಅತ್ತಿಗೆ ಊಟ ಬಿಟ್ಟರು.

“ಒಂದು ಗೆರೆಗೆ ಉಪವಾಸವಾ ಅತ್ತಿಗೆ?”

“ನಿನ್ನ ಹೆಸರಿನ ದೀರ್ಘ ಕಿತ್ತುಹಾಕಿದ್ರೆ ನೀನು ಊಟ ಮಾಡ್ತೀಯಾ?”

ನನ್ನ ಹೆಸರಿನಲ್ಲಿ ದೀರ್ಘವೇ ಇಲ್ಲ. ಹೇಳುವ ಧೈರ್ಯ ಬರಲಿಲ್ಲ.

ಇಂಥವರನ್ನು ನನಗೆ ಹೆಣ್ಣು ನೋಡಲು ತೀರ್ಥಹಳ್ಳಿಗೆ ಕರೆದೊಯ್ದದ್ದು ಯಾರ ಬುದ್ಧಿಯೋ! ಹುಡುಗಿಯ ಅಪ್ಪ, “ಹುಡುಗ ಹೆಂಗಮ್ಮ?” ಎಂದರು.

“ಕೆಲ್ಸ ಇದೆ. ಗೊರಕೆ ಇದೆ. ಸಿಟ್ಟು ಬಂದ್ರೆ ಮೊದ್ಲು ಕಿವಿ ಕೆಂಪಾಗ್ತದೆ.”

“ಒಳ್ಳೆಯವನಾ ಅಂತ ಕೇಳಿದ್ದು.”

“ಅದು ಬಳಸೋರಿಗೆ ಬಿಟ್ಟಿದ್ದು!”

ನನ್ನ ಕಿವಿ ಕೆಂಪಾಯಿತು. ಹುಡುಗಿ ಕೈಯಲ್ಲಿದ್ದ ಕಾಫಿ ತುಳುಕುವಷ್ಟು ನಕ್ಕಳು. ಈಗ ಅವಳು ನನ್ನ ಹೆಂಡತಿ. ಗೊರಕೆಯ ಬಗ್ಗೆ ಅತ್ತಿಗೆಗೆ ಹೆಚ್ಚಿನ ಮಾಹಿತಿ ಒದಗಿಸುತ್ತಾಳೆ.

ಹೋದ ವರ್ಷ ಅಮ್ಮನ ಮಂಡಿನೋವಿಗೆಂದು ಎಲ್ಲರೂ ಹೊಸನಗರದ ಡಾಕ್ಟರ ಬಳಿ ಹೋಗಿದ್ದೆವು. ಬೇರೆ ತೊಂದರೆ ಇದೆಯೇ ಎಂದು ಅವರು ಕೇಳಿದರು.

“ನಂಗೆಂತ ಆಗಿದೆ!” ಎಂದಳು ಅಮ್ಮ. ಅಣ್ಣನೂ ನಾನೂ ಹೌದೆಂದು ತಲೆಯಾಡಿಸಿದೆವು.

ಅತ್ತಿಗೆ ಬಾಯಿ ತೆರೆದರು. “ಮಹಡಿ ಹತ್ತುವಾಗ ಅರ್ಧದಲ್ಲಿ ನಿಲ್ತಾರೆ ಡಾಕ್ಟ್ರೇ. ಇಣುಕಿದ್ರೆ ಗೋಡೆ ಹಿಡ್ಕಂಡಿರ್ತಾರೆ. ಕೇಳಿದ್ರೆ, ಕಿಟಕೀಲಿ ಬಸ್ ನೋಡ್ತಿದ್ದೆ ಅಂತಾರೆ. ಅಲ್ಲಿ ಕಿಟಕಿನೇ ಇಲ್ಲ.”

ಡಾಕ್ಟರು ನಗಲಿಲ್ಲ. ಅಂದೇ ಶಿವಮೊಗ್ಗಕ್ಕೆ ಕಳಿಸಿದರು. ಹೃದಯದ ರಕ್ತನಾಳವೊಂದು ಮುಚ್ಚುವ ಹಂತದಲ್ಲಿತ್ತು.

ಗುಣವಾಗಿ ಕಾರಿನಲ್ಲಿ ಮರಳುವಾಗ ಅಮ್ಮ ಮೆಲ್ಲಗೆ ಕೇಳಿದಳು, “ನಾನು ನಿಲ್ಲೋದು ನಿಂಗೆ ಹೆಂಗೆ ಗೊತ್ತಾಯ್ತೇ?”

“ನೀವು ಮೇಲೆ ಬರೋದನ್ನೇ ಕಾಯ್ತಿರ್ತೀನಲ್ಲ ಅತ್ತೆ. ಹೆಜ್ಜೆ ಸದ್ದು ನಿಂತ್ರೆ ನಂಗೆ ಉಸಿರು ಹಿಡೀತದೆ.”

ಅಮ್ಮ ಸೊಸೆಯ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಆಯನೂರಿನಿಂದ ಮನೆ ಬರುವವರೆಗೂ ಅತ್ತಿಗೆ ಅಲ್ಲಾಡಲಿಲ್ಲ. ಗಾಳಿಗೆ ಹಾರಿ ತಮ್ಮ ಮುಖದ ಮೇಲೆ ಬಿದ್ದ ಅಮ್ಮನ ಬಿಳಿ ಕೂದಲನ್ನೂ ಸರಿಸಲಿಲ್ಲ.