ಸಂಜೆ ಐದಕ್ಕೆ ಓಡದ ಮಿಕ್ಸಿಯ ಪರವಾಗಿ

ಚಳ್ಳಕೆರೆ, ೯ ಡಿಸೆಂಬರ್ ೨೦೦೨

ಪರಶುರಾಂಪುರದ ಶ್ರೀ ಬೊಮ್ಮಲಿಂಗಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ,

ಚಳ್ಳಕೆರೆಯ ಜಂಬುಲಿಂಗಪ್ಪನವರ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ದೂರುಗಳು’ ಎಂಬ ಬೋರ್ಡಿನ ಕೆಳಗೆ ಆರು ವರ್ಷಗಳಿಂದ ಕುಳಿತಿರುವ ವನಜಾಕ್ಷಿ ಎಂಬ ನಾನು, ತಮ್ಮ ಪಾದಗಳಿಗೂ, ನಮ್ಮ ಟೇಬಲ್ಲಿನ ಗಾಜನ್ನು ಮೂರು ಸಲ ಗುದ್ದಿಯೂ ನೋಯದ ತಮ್ಮ ಮುಷ್ಟಿಗೂ ನಮಸ್ಕರಿಸಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ತಾವು ಅಪ್ಪಣೆ ಕೊಡಿಸಿದ ಕ್ಷಮಾಪಣೆ ಪತ್ರ ಇದೇ. ಎಲ್ಲರಿಗೂ ಕಾಣುವಂತೆ ಅಂಗಡಿ ಗೋಡೆಗೆ ಅಂಟಿಸಬೇಕು ಎಂದಿರಿ. ಅಂಟಿಸಿದ್ದೇನೆ.

ನಿಂತು ಓದುವ ಇತರರ ತಿಳಿವಳಿಕೆಗಾಗಿ ನಡೆದದ್ದನ್ನೂ ಬರೆಯಬೇಕಲ್ಲವೇ? ದಸರೆಗೆ ಮುಂಚೆ ತಾವು ನಮ್ಮಲ್ಲಿ ಒಂದು ಮಿಕ್ಸಿ ಕೊಂಡಿರಿ. ಮೂರನೇ ದಿನವೇ ಅದನ್ನು ದುಪ್ಪಟಿಯಲ್ಲಿ ಕೂಸಿನಂತೆ ಸುತ್ತಿಕೊಂಡು ಬಂದು, “ಏ ಹುಡುಗಿ, ಇದು ಕೂಗ್ತೈತೆ. ನಮ್ಮ ಮನೆ ಒಳಕಲ್ಲು ಮೂವತ್ತು ವರ್ಷದಿಂದ ಐತೆ, ಒಂದಿನಾನಾದ್ರೂ ಕೂಗೈತಾ?” ಎಂದು ಕೇಳಿದಿರಿ. ಒಳಕಲ್ಲಿನ ಶಾಂತ ಸ್ವಭಾವವನ್ನು ನಾನು ಒಪ್ಪಿಕೊಂಡೆ. ನನಗೀಗ ನಲವತ್ತೊಂದು ವರ್ಷ; ‘ಹುಡುಗಿ’ ಎಂದದ್ದಕ್ಕೆ ಒಳಗೊಳಗೇ ಖುಷಿಪಟ್ಟೆನೆಂಬುದನ್ನೂ ಮುಚ್ಚಿಡಲಾರೆ.

ಆಮೇಲೆ ಹೋದ ವಾರ ತಾವು ಮತ್ತೆ ದಯಮಾಡಿಸಿ, ಮಿಕ್ಸಿ ಸಂಜೆ ಐದು ಗಂಟೆಗೆ ಓಡುವುದಿಲ್ಲ ಎಂದಿರಿ. ತಮ್ಮ ಕಡೆ ನಾಲ್ಕಕ್ಕೇ ಕರೆಂಟು ಹೋಗುತ್ತದೆಂದು ನಾನು ವಿನಯದಿಂದ ಹೇಳಿದೆ. ಆಗ ತಾವು ಗಾಜು ಗುದ್ದಿ ಆಡಿದ ಮಾತನ್ನು ಬಂಗಾರದ ಅಕ್ಷರದಲ್ಲಿ ಬರೆಸಬೇಕು: “ಕರೆಂಟ್ ಇದ್ದಾಗ ಯಾರ್ ಬೇಕಾದ್ರೂ ರುಬ್ತಾರೆ! ಕರೆಂಟ್ ಇಲ್ದಾಗ ಓಡ್ದಿದ್ರೆ ಅದ್ಯಾತರ ಗ್ಯಾರಂಟಿ?”

ನಾನು ನಕ್ಕುಬಿಟ್ಟೆ. ಇಸ್ತ್ರಿಪೆಟ್ಟಿಗೆ ಬಿಸಿಯಾಗುತ್ತದೆಂದು ಮೊಳಕಾಲ್ಮುರಿನಿಂದ ಬಸ್ಸು ಹತ್ತಿ ಬಂದು ದೂರು ಕೊಟ್ಟವರ ಮುಂದೆಯೂ ನಗದಿದ್ದ ನಾನು, ತಮ್ಮ ಮುಂದೆ ಸೋತೆ. ತಾವು ಅಂಗಡಿಯ ಟ್ಯೂಬ್‌ಲೈಟುಗಳು ನಡುಗುವಂತೆ ಕೂಗಿದಿರಿ. ಆ ಹೊತ್ತಿನಲ್ಲಿ ಮಿಕ್ಸಿಯ ಸದ್ದು ಏನೇನೂ ಅಲ್ಲವೆಂದು ಅಲ್ಲಿದ್ದ ಗಿರಾಕಿಗಳೆಲ್ಲ ಮನಗಂಡರು. ತಾವು ನಮ್ಮಲ್ಲಿ ಎರಡು ಪಂಪ್‌ಸೆಟ್ ಕೊಂಡವರು. ಹಾಗಾಗಿ ಜಂಬುಲಿಂಗಪ್ಪನವರು ನನ್ನನ್ನು ಒಳಗೆ ಕರೆದು, “ನಕ್ಕಿದ್ದು ತಪ್ಪಮ್ಮ. ಮನೆತನಕ ಹೋಗಿ ಕ್ಷಮೆ ಕೇಳು, ಕಾಗದಾನೂ ಬರ್ಕೊಡು. ಇಲ್ಲಾಂದ್ರೆ ಸೋಮವಾರದಿಂದ ಬರಬ್ಯಾಡ” ಎಂದರು. ಆರು ವರ್ಷ ಕಂಡವರ ಬೈಗುಳವನ್ನೆಲ್ಲ ದೂರಿನ ಪುಸ್ತಕದಲ್ಲಿ ದುಂಡಗೆ ಬರೆದವಳಿಗೆ, ಒಂದು ನಗೆಗೆ ಕೆಲಸ ಹೋಗುವುದೆಂದರೆ!

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ರಿಪೇರಿಯ ಮಾರುತೇಶನೂ ತಮ್ಮ ಮನೆ ಬಾಗಿಲಿಗೆ ಬಂದೆವು. ಒಳಗೆ ಮಿಕ್ಸಿ ಸೊಗಸಾಗಿ ಕೂಗುತ್ತಿತ್ತು. ತಾವು ಹೊಲದಿಂದ ಇನ್ನೂ ಬಂದಿರಲಿಲ್ಲ. ತಮ್ಮ ಧರ್ಮಪತ್ನಿ ತಿಪ್ಪೇರುದ್ರಮ್ಮನವರು ಶೇಂಗಾ ಚಟ್ನಿ ರುಬ್ಬುತ್ತಿದ್ದವರು ನಮ್ಮನ್ನು ಕಂಡು ಸ್ವಿಚ್ ಆರಿಸಿ, “ಬರ್ರೀ ತಂಗೀ, ಇದಕ್ಕೇನಾಗೈತ್ರಿ ರೋಗ? ದಿನಾ ರುಬ್ತೀನಿ” ಎಂದು ಜಾರನ್ನು ತೊಳೆದಿಟ್ಟರು.

ಅಷ್ಟರಲ್ಲಿ ತಾವು ಬಂದು, ನಮ್ಮತ್ತ ಕಣ್ಣು ಕೆಕ್ಕರಿಸಿ, ತಟ್ಟೆ ಮುಂದೆ ಕುಳಿತು, ರೊಟ್ಟಿ ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟು, ನಮಗೆ ಪಾಠ ಹೇಳಿದಿರಿ: “ನೋಡ್ರಲೇ, ಇದು ಕಲ್ಲಾಗೆ ರುಬ್ಬಿದ ಚಟ್ನಿ. ನಿಮ್ ಡಬ್ಬಿಗೆ ಬರ್ತೈತಾ ಈ ರುಚಿ?”

ಮಾರುತೇಶ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ನಾನು ತುಟಿ ಕಚ್ಚಿಕೊಂಡೆ, ಸೋಮವಾರ ನೆನಪಿತ್ತು. ತಿಪ್ಪೇರುದ್ರಮ್ಮನವರು ಮಾತ್ರ ನೀರಿನ ಚೊಂಬು ಇಡುತ್ತಾ, ಮಳೆ ಬಂತೇನೋ ಎನ್ನುವಷ್ಟು ಸಾದಾ ದನಿಯಲ್ಲಿ, “ಒಳಕಲ್ಲಾಗೆ ಬೆಕ್ಕು ಮರಿ ಹಾಕಿ ಮೂರು ವಾರ ಆತ್ರಿ. ಅದರಾಗೆಲ್ಲಿ ರುಬ್ಬಲಿ?” ಎಂದರು.

ತಾವು ಎದ್ದು ಹೋಗಿ ಒಳಕಲ್ಲಿನಲ್ಲಿ ಇಣುಕಿದಿರಿ. ಒಳಗಿನಿಂದ ನಾಲ್ಕು ಮರಿಗಳು ಒಟ್ಟಿಗೆ ಕೂಗಿದವು. ಮರಳಿ ಬಂದು ಕುಳಿತು, ತಟ್ಟೆಯನ್ನು ಮುಂದಕ್ಕೆ ತಳ್ಳಿ, “ಇನ್ನೊಂದು ರವಷ್ಟು ಚಟ್ನಿ ಹಾಕು” ಎಂದಿರಿ. ಅಷ್ಟೇ ಅಲ್ಲ, ನಾವು ಹೊರಟಾಗ ನನ್ನ ಕಡೆ ನೋಡದೆಯೇ, “ಹೋಗ್ಬರ್ರಿ ಅಮ್ಮಾ” ಎಂದಿರಿ. ಎರಡು ತಿಂಗಳಲ್ಲಿ ತಮ್ಮ ಬಾಯಿಂದ ನನಗೆ ಸಿಕ್ಕ ಮೊದಲ ‘ರಿ’ ಅದು. ಚಳ್ಳಕೆರೆ ಬರುವ ತನಕ ಬಸ್ಸಿನಲ್ಲಿ ನಾನೂ ಮಾರುತೇಶನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸುದ್ದಿ ಕೇಳಿದ ಜಂಬುಲಿಂಗಪ್ಪನವರು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಾ, “ಕಾಗದ ಬ್ಯಾಡ ಬಿಡಮ್ಮ, ನಿನ್ನ ಕುರ್ಚೀಲಿ ನೀನು ಕೂತ್ಕೋ” ಎಂದರು. ಆದರೆ ಗಿರಾಕಿಯ ಬೇಡಿಕೆಯನ್ನು ಅರ್ಧಕ್ಕೆ ಬಿಟ್ಟ ಅಭ್ಯಾಸ ನನಗಿಲ್ಲ. ಆದ್ದರಿಂದ ಮಿಕ್ಸಿಗೆ ಪಿಸುಮಾತು ಕಲಿಸಲಾಗದ್ದಕ್ಕೆ, ಕರೆಂಟನ್ನು ತಮ್ಮ ಮನೆಯ ಮಟ್ಟಿಗಾದರೂ ಐದು ಗಂಟೆಯವರೆಗೆ ಹಿಡಿದು ನಿಲ್ಲಿಸಲಾಗದ್ದಕ್ಕೆ, ಮತ್ತು ಮುಖ್ಯವಾಗಿ, ತಾವು ಗಾಜು ಗುದ್ದುವಾಗ ನಕ್ಕದ್ದಕ್ಕೆ ಈ ಮೂಲಕ ಕ್ಷಮೆ ಕೋರುತ್ತೇನೆ. ಬಸ್ಸಿನಲ್ಲಿ ನಕ್ಕದ್ದು ಕೆಲಸದ ವೇಳೆಯ ಹೊರಗಿನದು, ಅದಕ್ಕೆ ಕೋರುವುದಿಲ್ಲ.

ಇಂತಿ, ಇನ್ನೂ ಅದೇ ಬೋರ್ಡಿನ ಕೆಳಗೆ ಕುಳಿತಿರುವ,
ತಮ್ಮ ವಿಶ್ವಾಸಿ,
ವನಜಾಕ್ಷಿ

ವಿ.ಸೂ.: ಇದರ ಒಂದು ನಕಲನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಸಂಜೆ ಓದುವುದಾದರೆ ದಯವಿಟ್ಟು ಲಾಟೀನು ಹಚ್ಚಿಕೊಳ್ಳಿ. ಅಕ್ಷರ ಕಾಣಲಿಲ್ಲವೆಂದು ಕಾಗದವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ವಾಪಸು ತರಬೇಡಿ. ಅದಕ್ಕೆ ಗ್ಯಾರಂಟಿ ಇರುವುದಿಲ್ಲ.