ಡೋಂಗಿ ಮೀನಿಗೆ ಗಟ್ಟಿ ಗಂಟು

ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಮನೆಯಲ್ಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಕೆಲವರು ಸಹ್ಯಾದ್ರಿ ಹತ್ತಲು ಹೊರಡುತ್ತಾರೆ, ಕೆಲವರು ಕ್ಯಾರಿಯೋಕೆ ಮೈಕು ತಂದು ಪಕ್ಕದ ಫ್ಲ್ಯಾಟಿನವರ ವೈರ ಕಟ್ಟಿಕೊಳ್ಳುತ್ತಾರೆ. ನಮ್ಮವರು ಗಾಳ ತಂದರು.

ಅದೂ ಎರೆಹುಳ, ಸಿಗಡಿ ಚುಚ್ಚುವ ಸಾದಾ ಗಾಳವಲ್ಲ. ಲೂರ್ ಅಂತೆ. ಪ್ಲಾಸ್ಟಿಕ್ಕಿನ ಬಣ್ಣದ ಮೀನು, ಹೊಟ್ಟೆಯಡಿ ಮುಳ್ಳು. ಅದನ್ನು ದಾರಕ್ಕೆ ಕಟ್ಟಿ ನೀರಿಗೆ ಎಸೆದು ಎಳೆದರೆ ದೊಡ್ಡ ಮೀನು ನಿಜವೆಂದು ನಂಬಿ ಕಚ್ಚುತ್ತದೆ. ಉಡುಪಿ ಕಡೆಯ ನಮ್ಮ ಅತ್ತೆ ಅದನ್ನೊಮ್ಮೆ ತಿರುಗಿಸಿ ನೋಡಿ, "ಡೋಂಗಿ ಮೀನು" ಎಂದು ಹೆಸರಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಟಿಟ್ವಾಳಾದಲ್ಲಿರುವ ಇವರ ಭಾವ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ, "ಬಜಾರಿನಿಂದ ಮೀನು ತಂದು ನಾನೇ ಹಿಡಿದದ್ದು ಅಂತ ಫೋಟೋ ಹಾಕಬೇಡ ಮಾರಾಯ" ಎಂದು ಬರೆದರು. ಇವರಿಗೆ ರೇಗಿತು. "ಈ ಲೂರಿನಲ್ಲಿ ನಾನೇ ಮೀನು ಹಿಡಿಯುವ ತನಕ ನಮ್ಮ ಮನೆಗೆ ಬಜಾರಿನ ಮೀನು ಬರುವುದಿಲ್ಲ" ಎಂದು ಅಲ್ಲೇ ಶಪಥ ಮಾಡಿದರು.

ಮೀನಿಲ್ಲದ ಊಟವನ್ನು ಊಟವೆಂದೇ ಲೆಕ್ಕಕ್ಕೆ ಹಿಡಿಯದ ಅತ್ತೆ ತಟ್ಟೆಯಲ್ಲಿದ್ದ ತೊಂಡೆಕಾಯಿ ಪಲ್ಯ ನೋಡುತ್ತಾ ಹೇಳಿದರು: "ಶಪಥ ಇವನದ್ದು, ಉಪವಾಸ ನನ್ನದು."

ಎಳೆದರೆ ಬಿಚ್ಚುವ ಗಂಟು

ಮೊದಲ ಭಾನುವಾರ ಬೇಲಾಪುರದ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ನಾನೂ ಜೊತೆಗೆ ಹೋದೆ. ಇವರು ಎಸೆದರು, ಎಳೆದರು. ಅದೃಷ್ಟಕ್ಕೆ ಏನೋ ಗಬಕ್ಕನೆ ಕಚ್ಚಿತು. ಕೋಲು ಬಾಗಿತು. ಮರುಕ್ಷಣ ಕೋಲು ನೆಟ್ಟಗಾಯಿತು. ಮೀನೂ ಇಲ್ಲ, ಡೋಂಗಿ ಮೀನೂ ಇಲ್ಲ.

"ಭಾರೀ ದೊಡ್ಡದು! ದಾರವನ್ನೇ ತುಂಡು ಮಾಡಿತು" ಎಂದರು ಇವರು ಹೆಮ್ಮೆಯಿಂದ.

ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮರಾಠಿ ಕಾಕಾ ಒಬ್ಬರು ದಾರದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ತುದಿ ಗುಂಗುರು ಕೂದಲಿನಂತೆ ಸುರುಳಿಯಾಗಿತ್ತು. "ಶೇಟ್, ತುಂಡಾಗಿಲ್ಲ ಇದು. ಬಿಚ್ಚಿಕೊಂಡಿದೆ. ಯಾವ ಗಂಟು ಹಾಕಿದ್ದಿರಿ?" ಎಂದು ಮರಾಠಿಯಲ್ಲಿ ಕೇಳಿದರು.

ಇವರು ಕಟ್ಟಿ ತೋರಿಸಿದರು. ನನಗೆ ಆಗಲೇ ಗೊತ್ತಾಯಿತು. ಇವರು ಬೆಳೆದದ್ದು ಡೊಂಬಿವಲಿಯಲ್ಲಿದ್ದ ಮಾವನವರ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ. ಇಡ್ಲಿ ವಡೆಯ ಪೊಟ್ಟಣಕ್ಕೆ ಬಿಳಿ ದಾರ ಸುತ್ತಿ, ಗಿರಾಕಿ ಮನೆಗೆ ಹೋಗಿ ತುದಿ ಹಿಡಿದು ಒಮ್ಮೆ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟು ಹಾಕುವುದರಲ್ಲಿ ಇವರ ಕೈ ಪಳಗಿದೆ. ಅದೇ ಕೈ, ಅದೇ ಗಂಟು.

ಮನೆಯಲ್ಲಿ ಅತ್ತೆಗೆ ವರದಿ ಒಪ್ಪಿಸಿದೆ. "ಮತ್ತೆಂತ? ಮೀನು ಪಾರ್ಸೆಲ್ ತಗೊಂಡು ಹೋಯಿತು" ಎಂದರು.

ಎಂಜಲು

ಕಾಕಾ ಕಲಿಸಿದ ಹೊಸ ಗಂಟಿಗೆ ಒಂದು ನಿಯಮವಿತ್ತು. ತಂಗೂಸಿನ, ಅಂದರೆ ನೈಲಾನಿನ ದಾರವನ್ನು ಒಣಗಿದ್ದಾಗ ಬಿಗಿದರೆ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿಗಿಯುವ ಮೊದಲು ಗಂಟನ್ನು ಬಾಯಲ್ಲಿಟ್ಟು ಒದ್ದೆ ಮಾಡಬೇಕು. ಇವರು ಊಟದ ಮೇಜಿನ ಮೇಲೆ ಅಭ್ಯಾಸಕ್ಕೆ ಕೂತು ಗಂಟನ್ನು ಬಾಯಿಗಿಟ್ಟದ್ದೇ ತಡ, ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಎಂತದು ಅದು? ಎಂಜಲು ಮಾಡಿ ಕಟ್ಟುವುದಾ?"

"ಅಮ್ಮಾ, ಅದು ಮೀನಿಗೆ."

"ಮೀನಿಗಾದರೆ ಎಂಜಲು ಕೊಡಬಹುದಾ? ಆಮೇಲೆ ಆ ಮೀನನ್ನು ತಿನ್ನುವವರು ಯಾರು, ನಾವೇ ಅಲ್ಲವಾ?"

ಇವರು ಲೋಟದಲ್ಲಿ ನೀರು ತಂದಿಟ್ಟುಕೊಂಡು ಬಾಯಿಗಿಟ್ಟಿದ್ದ ಅದೇ ಗಂಟನ್ನು ಅದ್ದಿ ಅದ್ದಿ ಬಿಗಿದರು. ನಾನು ಆಫೀಸಿನಿಂದ ದಣಿದು ಬಂದವಳು ಗಮನಿಸದೆ ಆ ಲೋಟವನ್ನೆತ್ತಿ ಗಟಗಟ ಕುಡಿದುಬಿಟ್ಟೆ. ಅತ್ತೆ ನನ್ನನ್ನೂ ಖಾಲಿ ಲೋಟವನ್ನೂ ನೋಡಿ ನಿಟ್ಟುಸಿರು ಬಿಟ್ಟರು: "ಮೀನು ಬಚಾವಾಯಿತು. ನೀನು ಸಿಕ್ಕಿಬಿದ್ದೆ."

ಪಿನ್ನು

ವಾರಗಳು ಹೋದವು. ತೊಂಡೆಕಾಯಿಯ ನಂತರ ಪಡವಲಕಾಯಿ ಬಂತು. ಸಹನೆ ಮುಗಿದ ಅತ್ತೆ ಬಳೆಯಿಂದ ಸೇಫ್ಟಿ ಪಿನ್ನು ತೆಗೆದು ಕೊಟ್ಟರು. "ಗಂಟಿನ ರಗಳೆಯೇ ಬೇಡ. ಡೋಂಗಿ ಮೀನನ್ನು ಇದಕ್ಕೆ ಸಿಕ್ಕಿಸು."

ಇವರು ಹಾಗೆಯೇ ಮಾಡಿದರು. ಪಿನ್ನು ಖಾಡಿಯಿಂದ ಒಂಟಿಯಾಗಿ, ಕಡ್ಡಿಯಷ್ಟು ನೆಟ್ಟಗಾಗಿ ಮರಳಿತು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದರು: "ಎಷ್ಟು ವರ್ಷ ನನ್ನ ಸೆರಗು ಹಿಡಿದಿತ್ತು, ಪಾಪ. ಇವನ ಕೈಗೆ ಹೋಗಿ ಮರ್ಯಾದೆ ಕಳೆದುಕೊಂಡಿತು."

ಲೇಡೀಸ್ ಡಬ್ಬಾ

ನಿಜವಾದ ಸಮಸ್ಯೆ ಗಂಟಿನದ್ದಲ್ಲ, ಕಣ್ಣಿನದ್ದು. ಇವರಿಗೆ ಚಾಳೀಸು ಬಂದಿದೆ, ಒಪ್ಪುವುದಿಲ್ಲ. ಹತ್ತಿರದಲ್ಲಿ ಆ ಪಾರದರ್ಶಕ ದಾರ ಕಾಣಿಸುವುದೇ ಇಲ್ಲ, ಅಂದಾಜಿನಲ್ಲಿ ಕಟ್ಟುತ್ತಾರೆ. ಇನ್ನು ನಾನೇ ಕಲಿಯದಿದ್ದರೆ ಈ ಜನ್ಮದಲ್ಲಿ ಬಂಗುಡೆ ಕಾಣುವ ಯೋಗವಿಲ್ಲ ಎಂದುಕೊಂಡು, ಬೇಲಾಪುರದ ಆಫೀಸಿಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಅಭ್ಯಾಸ ಶುರು ಮಾಡಿದೆ. ಡೋಂಗಿ ಮೀನಿನ ಮೂಗಿಗೆ ದಾರವನ್ನು ಬಿಗಿದು ಕಟ್ಟಬಾರದಂತೆ, ಸಣ್ಣ ಕುಣಿಕೆ ಬಿಡಬೇಕಂತೆ. ಆಗಲೇ ಅದು ಬಾಲ ಅಲ್ಲಾಡಿಸಿ ನಿಜದ ಮೀನಿನಂತೆ ಈಜುವುದು.

ಮುಳ್ಳು ತೆಗೆದ ನಾಲ್ಕಾರು ಲೂರುಗಳನ್ನು ಕೋಪರಖೈರಣೆ ಸ್ಟೇಷನ್ನಿನಲ್ಲೇ ಬ್ಯಾಗಿನ ಪಟ್ಟಿಗೆ ಸಾಲಾಗಿ ಕಟ್ಟಿ ತೂಗಬಿಟ್ಟಿದ್ದೆ. ಹಸಿರು, ಗುಲಾಬಿ, ಬೆಳ್ಳಿ. ಎದುರು ಸೀಟಿನ ಹುಡುಗಿ ಬಾಗಿ ನೋಡಿ ಬೆಲೆ ಕೇಳಿದಳು.

"ಆಂಟಿ, ಯೇ ಪಿಂಕ್‌ವಾಲಾ ಕಿತನೇ ಕಾ?"

ಇದು ಮಾರುವುದಕ್ಕಲ್ಲ ಎಂದು ನಾನು ಹೇಳುವಷ್ಟರಲ್ಲಿ ಪಕ್ಕದವಳು ಬೆಳ್ಳಿಯದನ್ನು ಕಿವಿಗೆ ಹಿಡಿದು ಮೊಬೈಲಿನಲ್ಲಿ ನೋಡಿಕೊಂಡಾಗಿತ್ತು. "ಇದರ ಜೋಡಿ ಕೊಡಿ" ಎಂದಳು ಇನ್ನೊಬ್ಬಳು. ಅಷ್ಟರಲ್ಲಿ ಗುಂಪು ಸೀಳಿಕೊಂಡು ಬಂದವಳು ದಿನವೂ ಆ ಡಬ್ಬಾದಲ್ಲಿ ಕಿವಿಯೋಲೆ ಮಾರುವ ಹೆಂಗಸು. ನನ್ನ ಬ್ಯಾಗನ್ನು ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ ಹೇಳಿದಳು:

"ಮ್ಯಾಡಮ್, ಈ ಡಬ್ಬಾದಲ್ಲಿ ಮಾರುವವಳು ನಾನು. ನೀವು ಮುಂದಿನ ಡಬ್ಬಾಕ್ಕೆ ಹೋಗಿ."

ಕೊನೆಗೂ ಮೀನು

ಮುಂದಿನ ಭಾನುವಾರ ಗಂಟು ನನ್ನದು, ಎಸೆತ ಇವರದ್ದು. ಖಾಡಿಯಿಂದ ಒಂದು ಜಿತಾಡಾ ಬಂತು. ಈ ಕಡೆಯವರು ಪ್ರಾಣ ಬಿಡುವ ಮೀನು. ಗಾತ್ರ ಮೊಳದಷ್ಟಿಲ್ಲದಿದ್ದರೂ ಜಿತಾಡಾ ಜಿತಾಡಾವೇ.

ಭಾವನಿಗೆ ಸಾಕ್ಷಿ ಬೇಕಲ್ಲ! ಇವರು ಲೂರನ್ನು ಮೀನಿನ ಬಾಯಿಂದ ಬಿಡಿಸಲೇ ಇಲ್ಲ. ದಾರವನ್ನೂ ಕತ್ತರಿಸಲಿಲ್ಲ. ಕೋಲು, ದಾರ, ಲೂರು, ಮೀನು, ಎಲ್ಲ ಒಂದೇ ಮೆರವಣಿಗೆಯಾಗಿ ಆಟೋದಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಅಂಗಳಕ್ಕೆ ಬಂದವು. ಬೆಳಕು ಚೆನ್ನಾಗಿದೆ, ಕೆಳಗೇ ಫೋಟೋ ತೆಗೆ ಎಂದರು. ಎರಡನೇ ಮಹಡಿಯ ಗ್ಯಾಲರಿಯಿಂದ ಅತ್ತೆ, "ಮಸಾಲೆ ಅರೆದಾಯಿತು, ಬೇಗ ತನ್ನಿ" ಎಂದು ಕೂಗಿದರು.

ಇವರು ಮೀನನ್ನು ಕಟ್ಟೆಯ ಮೇಲಿಟ್ಟು ಕೂದಲು ಸರಿಮಾಡಿಕೊಂಡರು. ಅಷ್ಟೇ. ಸೊಸೈಟಿಯ ಗಂಡುಬೆಕ್ಕು ಎಲ್ಲಿತ್ತೋ, ಮೀನಿನ ನಡು ಕಚ್ಚಿ ಓಡಿತು. ಕೋಲಿನ ರೀಲು ಝುಂಯ್ ಎಂದು ದಾರ ಬಿಟ್ಟಿತು. ಬೆಕ್ಕು ನಿಂತಿದ್ದ ಕಾರಿನಡಿ ನುಗ್ಗಿತು.

"ಎಳೆಯಿರಿ!" ಎಂದೆ.

"ಎಳೆಯಬಾರದು! ಮೀನು ಓಡುವಾಗ ದಾರ ಬಿಡಬೇಕು, ಸುಸ್ತಾದ ಮೇಲೆ ನಿಧಾನ ಸುತ್ತಬೇಕು. ವಿಡಿಯೋದಲ್ಲಿ ಹೇಳಿದ್ದಾರೆ."

"ಓಡಿದ್ದು ಮೀನಲ್ಲ ಮಾರಾಯ್ರೇ, ಬೆಕ್ಕು!"

ಇವರು ಕೇಳಿಸಿಕೊಳ್ಳಲಿಲ್ಲ. ಬಿಟ್ಟರು, ಸುತ್ತಿದರು. ಬಿಟ್ಟರು, ಸುತ್ತಿದರು. ಆ ಶಾಸ್ತ್ರೋಕ್ತ ಅವಕಾಶದಲ್ಲಿ ಕಾರಿನಡಿ ಊಟ ಸಾವಕಾಶವಾಗಿ ನಡೆಯುತ್ತಿತ್ತು. ಎಲ್ಲ ಗ್ಯಾಲರಿಗಳೂ ತುಂಬಿದ್ದವು. ನಾನೂ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಬಾಗಿದ ಕೋಲು, ಬೆವರುವ ಗಂಡ, ಕಾರಿನಡಿ ಹೋದ ದಾರ. ಕೂಡಲೇ ಭಾವನ ಉತ್ತರ ಬಂತು: "ಕಾರು ಹಿಡಿದಿಯಾ?"

ಕೊನೆಗೆ ದಾರ ಹಗುರಾಯಿತು. ಕಾರಿನಡಿಯಿಂದ ಜಿತಾಡಾದ ತಲೆಯೊಂದೇ, ಲೂರು ಕಚ್ಚಿಕೊಂಡು, ತೆವಳುತ್ತಾ ಬಂತು. ಗಂಟು ಮಾತ್ರ ಕೂದಲಷ್ಟೂ ಜಗ್ಗಿರಲಿಲ್ಲ.

ಇವರು ಮೇಲೆ ಹೋಗಿ ಆ ತಲೆಯನ್ನು ಅತ್ತೆಯ ಕೈಗೆ ಕೊಟ್ಟು, ತಾವು ತಲೆ ತಗ್ಗಿಸಿ ನಿಂತರು. "ಇದು ಲೆಕ್ಕಕ್ಕೆ ಬರುತ್ತದಾ ಅಮ್ಮಾ?"

"ಯಾಕೆ ಬರುವುದಿಲ್ಲ? ರುಚಿ ಇರುವುದೇ ತಲೆಯಲ್ಲಿ. ನಿನ್ನ ಶಪಥ ಮುಗಿಯಿತು ಮಗಾ" ಎಂದು ಅತ್ತೆ ಆಗಲೇ ಅಡುಗೆಮನೆಯತ್ತ ತಿರುಗಿದ್ದರು. "ನಾಳೆ ಬಜಾರಿನಿಂದ ಬಂಗುಡೆ ತಾ. ಬೆಕ್ಕಿಗೂ ಒಂದು ತಾ. ಗಂಟಿಲ್ಲದೆ, ಗಾಳವಿಲ್ಲದೆ, ಮೊದಲ ಸಲಕ್ಕೇ ಮೀನು ಹಿಡಿದದ್ದು ಈ ಬಿಲ್ಡಿಂಗಿನಲ್ಲಿ ಅದೊಂದೇ."